ಮೂರು ಚೌಕದ ಗಂಡ

ಶಾರವ್ವ ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ನಪಾಸಾದದ್ದು ಒಂದೇ ವಿಷಯದಲ್ಲಿ, ಸಮಾಜ ವಿಜ್ಞಾನದಲ್ಲಿ. ಮೊದಲ ಸಲ ಇಪ್ಪತ್ತೇಳು, ಎರಡನೆಯ ಸಲ ಇಪ್ಪತ್ತೊಂಬತ್ತು. ಪಾಸಾಗಲು ಬೇಕಾದದ್ದು ಮೂವತ್ತೈದು.

"ಪರೀಕ್ಷಾಕ್ಕ ಎರಡೆರಡ ಏರಾಕ ಹತ್ತೈತಿ," ಎಂದು ಅತ್ತೆ ಮಾದೇವಿ ಕಟ್ಟೆಯ ಮೇಲೆ ಕುಳಿತು ಇಡೀ ನೇಕಾರ ಓಣಿಗೆ ಕೇಳುವಂತೆ ಹೇಳಿದಳು. "ಇನ್ನ ಮೂರ ಸಲ ಕುಂತ್ರ ದಂಡಿ ಮುಟ್ಟತಾಳ. ಅಷ್ಟರಾಗ ನನ್ನ ಮೊಮ್ಮಗನೂ ಸಾಲಿಗೆ ಹೊಂಟಿರತಾನ. ತಾಯಿ ಮಗ ಕೂಡೇ ಪಾಟಿಚೀಲ ಹಾಕ್ಕೊಂಡ ಹೋಗಬಹುದು."

"ಮೊಮ್ಮಗ ಎಲ್ಲಿ ಅದಾನ್ರೀ ಅತ್ತಿ?" ಒಳಗೆ ರಾಟಿಯ ಮುಂದೆ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದ ಶಾರವ್ವ ಎಳೆ ಹರಿಯದಂತೆ ಕೇಳಿದಳು.

"ನೀ ಪುಸ್ತಕ ಮುಚ್ಚು, ಬರತಾನ."

ಇಲಕಲ್ಲಿನ ಆ ಓಣಿಯಲ್ಲಿ ಶಾರವ್ವನ ನಾಲಿಗೆಗೆ ಹೆದರದವರಿರಲಿಲ್ಲ. ಆದರೆ ಇಪ್ಪತ್ತೊಂಬತ್ತು ಅಂಕದ ಬಾಯಿಗೆ ಎಷ್ಟು ಜೋರಿದ್ದೀತು?

ಅವಳಿಗೆ ಬೇಕಾದದ್ದು ದೊಡ್ಡದೇನಲ್ಲ. ಓಣಿಯ ತುದಿಗೆ ಹೊಸದಾಗಿ ಅಂಗನವಾಡಿ ಬರಲಿದೆಯೆಂದು ಡಂಗುರವಾಗಿತ್ತು. ಊರಿಗೂ ಸುತ್ತಲಿನ ಹಳ್ಳಿಗೂ ಸೇರಿ ನಾಲ್ಕು ಜಾಗ, ಎಸ್ಸೆಸ್ಸೆಲ್ಸಿ ಪಾಸಾದ ಹೆಣ್ಣುಮಕ್ಕಳೇ ಆಗಬೇಕು, ಅರ್ಜಿ ಜನವರಿಯಲ್ಲಿ. ಅದಕ್ಕೆ ಮೊದಲು ಅಕ್ಟೋಬರ್ ಪರೀಕ್ಷೆಯೊಂದೇ ಉಳಿದಿತ್ತು. ಆ ಕೆಲಸ ಸಿಕ್ಕರೆ ಅವಳಿಗೊಂದು ಕುರ್ಚಿ ಸಿಗುತ್ತಿತ್ತು, ಮತ್ತು ಜನ ಅವಳನ್ನು ಶಿಕ್ಷಕಿಯರನ್ನು ಕರೆಯುವಂತೆ 'ಅಕ್ಕೋರ' ಎಂದು ಕರೆಯುತ್ತಿದ್ದರು. ಲಗ್ನವಾಗಿ ಮೂರು ವರ್ಷದಿಂದ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು 'ಗಾಳ್ಯಾನ ಹೇಂತಿ' ಎಂದು. ತನ್ನ ಹೆಸರಿಗೆ ತುಕ್ಕು ಹಿಡಿದಂತೆ ಅವಳಿಗೆ ಅನ್ನಿಸುತ್ತಿತ್ತು.

ಗುಳೇದಗುಡ್ಡದಲ್ಲಿ, ತಾಯಿಯಿಲ್ಲದ ಶಾರವ್ವನನ್ನು ಸಾಕಿದವಳು ಅಜ್ಜಿ, ಅವಳ ಆಯಿ ರಂಗವ್ವ. ಮನೆಯ ತುಂಬ ಕುಪ್ಪಸದ ಖಣ ನೇಯುವ ಮಗ್ಗ, ಆಯಿಯ ಬಾಯಿತುಂಬ ಕಥೆ. ಒಂದು ಕಥೆಯಲ್ಲಿ ಇನ್ನೊಂದು, ಅದರ ಹೊಟ್ಟೆಯಲ್ಲಿ ಮತ್ತೊಂದು. ರಾಜಕುಮಾರಿಯ ಹೆಸರೇನೆಂದು ಕೇಳಿದರೆ ಆಯಿ ಅವಳ ಮುತ್ಯಾ ಬೇಟೆಗೆ ಹೋದಲ್ಲಿಂದ ಶುರುಮಾಡುತ್ತಿದ್ದಳು. ಹೆಸರು ಬರುವ ಹೊತ್ತಿಗೆ ಹುಡುಗಿ ನಿದ್ದೆ ಹೋಗಿರುತ್ತಿದ್ದಳು. ಆಯಿಯಿಂದಲೇ ಶಾರವ್ವನಿಗೆ ಒಡಪು ಬಂದದ್ದು. ಲಗ್ನ, ಸೀಮಂತ, ತೊಟ್ಟಿಲು, ಏನೇ ಇರಲಿ, ಹೆಂಗಸರು ಹೊಸ್ತಿಲಲ್ಲಿ ಅಡ್ಡ ನಿಂತು 'ಗಂಡನ ಹೆಸರ ಹೇಳು' ಎನ್ನುತ್ತಾರಲ್ಲ, ಆಗ ಹೆಸರನ್ನು ಬರಿದೆ ಹೇಳುವ ಹಾಗಿಲ್ಲ. ನಾಲ್ಕು ಸಾಲು, ಎಂಟು ಸಾಲು ಪ್ರಾಸ ಕಟ್ಟಿ, ಕಟ್ಟಕಡೆಗೆ ಅದರೊಳಗೆ ಹೆಸರನ್ನು ಮುಚ್ಚಿಟ್ಟು ದಾಟಿಸಬೇಕು.

"ಏಳ ಸಮುದ್ರದ ಆಚೆ ರಾಕ್ಷಸನ ಜೀವ ಗಿಳಿಯೊಳಗ ಇರತೈತಿ," ಎನ್ನುತ್ತಿದ್ದಳು ಆಯಿ. "ಗಂಡನ ಜೀವ ಅವನ ಹೆಸರಿನೊಳಗ ಇರತೈತಿ. ಬರೇ ಹೆಸರ ತಗದಿ ಅಂದ್ರ ಪಂಜರದ ಬಾಗಲಾ ತಗದಂಗ."

ಆಯಿ ಹೋಗಿ ವರ್ಷಗಳಾದರೂ ಆ ಗಿಳಿ ಮಾತ್ರ ಶಾರವ್ವನ ಜತೆ ಇಲಕಲ್ಲಿಗೆ ಬಂದಿತ್ತು.

ಮೊದಲೆರಡು ಸಲ ಅವಳು ಹೋದದ್ದು ರಾಚಯ್ಯ ಮಾಸ್ತರರ ಟ್ಯೂಶನ್ನಿಗೆ. ಮಾಸ್ತರರ ಶಿಕ್ಷಣಶಾಸ್ತ್ರ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು: ಹಾಳೆ ತುಂಬಿಸಬೇಕು. "ಪೇಪರ ತಿದ್ದವರು ಓದೂದಿಲ್ಲವಾ, ತೂಗತಾರ," ಎಂದು ಅವರು ಅಂಗೈಯನ್ನು ತಕ್ಕಡಿಯಂತೆ ಮೇಲೆ ಕೆಳಗೆ ಆಡಿಸುತ್ತಿದ್ದರು. ಅವರ ಶಿಷ್ಯರು ಪರೀಕ್ಷೆ ಮುಗಿಸಿ ಬಂದರೆ ಪ್ರಶ್ನೆ ಹೇಗಿತ್ತೆಂದು ಅವರು ಕೇಳಿದವರಲ್ಲ. ಕೇಳುತ್ತಿದ್ದದ್ದು ಹೆಚ್ಚುವರಿ ಹಾಳೆಯ ಲೆಕ್ಕ: "ಪುರವಣಿ ಎಷ್ಟ ತಗೊಂಡಿ?" ಎರಡು ಅಂದರೆ ತಲೆದೂಗುತ್ತಿದ್ದರು, ಮೂರು ಅಂದರೆ ಬೆನ್ನು ತಟ್ಟುತ್ತಿದ್ದರು. ಶಾರವ್ವ ಮೊದಲ ಸಲ ಮೂರು, ಎರಡನೆಯ ಸಲ ನಾಲ್ಕು ಪುರವಣಿಗೆ ದಾರ ಕಟ್ಟಿ ಬಂದಿದ್ದಳು. ನಾಲ್ಕು ಪುರವಣಿಯಲ್ಲಿ ಇಪ್ಪತ್ತೊಂಬತ್ತು ಅಂಕ ಬೆಳೆದದ್ದು ಹೇಗೆಂದು ಮಾಸ್ತರರು ವಿಚಾರಿಸಲಿಲ್ಲ. "ನಿನ್ನ ನಸೀಬ," ಎಂದರು. ಅವರ ಲೆಕ್ಕದಲ್ಲಿ ಪಾಸಾದವರೆಲ್ಲ ಅವರ ನೋಟ್ಸಿನಿಂದ, ನಪಾಸಾದವರೆಲ್ಲ ನಸೀಬಿನಿಂದ.

ಅದು ಎಂಬತ್ತಮೂರನೆಯ ಇಸವಿ. ಆ ಜುಲೈದಲ್ಲಿ ಬಾಗಲಕೋಟೆಯಿಂದ ಗುರುಲಿಂಗವ್ವ ಎಂಬ ಹೊಸ ಅಕ್ಕೋರು ಬಂದರು. ಹೆಣ್ಣುಮಕ್ಕಳ ಶಾಲೆಯಲ್ಲಿ ಹಂಗಾಮಿ ನೌಕರಿ. ಸಂಜೆ ನಾಲ್ಕಕ್ಕೆ ನಪಾಸಾದವರಿಗೆ ಮಹಿಳಾ ಮಂಡಳದ ಕೋಣೆಯಲ್ಲಿ ಪುಕ್ಕಟೆ ಪಾಠ. ಪುಕ್ಕಟೆಯದ್ದರ ಬಗ್ಗೆ ಓಣಿಗೆ ಮೊದಲಿಂದಲೂ ಗುಮಾನಿ. ಶಾರವ್ವ ಹೋದದ್ದು ಗೆಳತಿ ಅಲೀಮಾ ಎಳೆದುಕೊಂಡು ಹೋದಳೆಂದು. ಅಲೀಮಾಳೂ ಅದೇ ವಿಷಯದಲ್ಲಿ ಬಿದ್ದವಳು, ಆದರೆ ಬಿದ್ದದ್ದನ್ನು ನಗುತ್ತ ಹೇಳಿಕೊಳ್ಳುವ ಹುಡುಗಿ.

ಮೊದಲ ದಿನ ಅಕ್ಕೋರು ಕರಿಹಲಗೆಯ ಮೇಲೆ ಪಾಠದ ಬದಲು ಚೌಕ ಬರೆದರು. ಅಡ್ಡ ಗೆರೆ, ಉದ್ದ ಗೆರೆ, ಕೆಲವು ಚೌಕಕ್ಕೆ ಸೀಮೆಸುಣ್ಣ ಬಳಿದು ಮುಚ್ಚಿದರು, ಕೆಲವಕ್ಕೆ ಮೂಲೆಯಲ್ಲಿ ಸಣ್ಣ ಅಂಕಿ ಹಾಕಿದರು.

"ಇದೇನ್ರಿ ಅಕ್ಕೋರ, ಚೌಕಳಿ ಸೀರಿ?" ಶಾರವ್ವ ಕೇಳಿದಳು.

"ದಡಿ ಹಾಕೂದ ಮರತಾರ ನೋಡ," ಎಂದಳು ಅಲೀಮಾ.

ಇಡೀ ಕೋಣೆ ನಕ್ಕಿತು. ಅಕ್ಕೋರು ನಗಲಿಲ್ಲ, ಸಿಟ್ಟಿಗೂ ಬರಲಿಲ್ಲ. ತೆಳ್ಳನೆಯ ಆ ಹೆಣ್ಣುಮಗಳಿಗೆ ನಗು ಅನ್ನುವುದೇ ಯಾವುದೋ ದೂರದ ಊರಿನ ಸಂಗತಿಯಂತಿತ್ತು.

"ಪೇಪರಿನ್ಯಾಗ ಬರತೈತಲ್ಲ, ಪದಬಂಧ, ಅದು. ನಿಮಗ ಪಾಠ ಎಲ್ಲಾ ಬರತಾವು. ಪ್ರಶ್ನಿ ಏನ ಮಾಡು ಅಂತೈತಿ, ಅದನ್ನ ಓದಾಕ ಬರೂದಿಲ್ಲ. ಹೆಸರಿಸಿ, ವಿವರಿಸಿ, ಹೋಲಿಸಿ, ಸಮರ್ಥಿಸಿ, ಟಿಪ್ಪಣಿ ಬರೀರಿ. ಒಂದೊಂದಕ್ಕ ಒಂದೊಂದ ಕೆಲಸ ಐತಿ. ಇವತ್ತ ಬರೇ ಈ ಮಾತಷ್ಟ ಕಲಿಯೂಣು."

ಸುಳಿವುಗಳನ್ನು ಒಂದೊಂದಾಗಿ ಓದಿದರು. ಎರಡನ್ನು ಎದುರುಬದರು ಕೂಡಿಸಿ ಎಲ್ಲಿ ಒಂದೇ, ಎಲ್ಲಿ ಬೇರೆ ಎಂದು ನೋಡು, ಮೂರು ಚೌಕ. ನಿನ್ನ ಮಾತು ಖರೆ ಅನ್ನಲು ಕಾರಣ ಕೊಡು, ನಾಲ್ಕು ಚೌಕ. ಉಪ್ಪಿಲ್ಲ, ಖಾರವಿಲ್ಲ, ಹೆಸರಷ್ಟೇ ಹೇಳಿ ಬಾಯಿ ಮುಚ್ಚು, ನಾಲ್ಕು ಚೌಕ.

ಶಾರವ್ವನಿಗೆ ಅವಮಾನವಾಯಿತು. ಮೈಮೇಲೆ ಹನ್ನೊಂದು ಮೊಳದ ಸೀರೆ ಉಟ್ಟವಳನ್ನು ಕೂಸಿನ ಆಟಕ್ಕೆ ಕೂಡಿಸಿದ್ದಾರೆ! ಎದ್ದು ಹೋಗಿ ಸೀಮೆಸುಣ್ಣ ಕಸಿದುಕೊಂಡು, ಹೋಲಿಸಿ, ಸಮರ್ಥಿಸಿ, ಹೆಸರಿಸಿ, ಮೂರನ್ನೂ ಉಸಿರು ಬಿಡುವುದರೊಳಗೆ ತುಂಬಿ, ಕೈ ಝಾಡಿಸಿ ಬಂದು ಕುಳಿತಳು.

"ಎಲ್ಲಾದರ ಬಾಲಕ್ಕೂ ಒಂದ ಸಿ ಐತ್ರಿ. ಕಟ್ಟಿಗಿ ಒಲಿ ಮ್ಯಾಲ ನೀರ ಚೆಲ್ಲಿದಂಗ, ಸಿ ಸಿ ಸಿ. ಇದಕ್ಕ ಬಿ.ಎಡ್. ಮಾಡಬೇಕೇನ್ರಿ?"

ಸುದ್ದಿ ರಾಚಯ್ಯ ಮಾಸ್ತರರಿಗೂ ಮುಟ್ಟಿತು. "ಬಾಗಲಕೋಟಿಂದ ಹುಲಿಕಟ್ಟಿ ಆಟ ಆಡಸಾಕ ಬಂದಾರ," ಎಂದು ಅವರು ಚಹಾದ ಅಂಗಡಿಯಲ್ಲಿ ಕುಳಿತವರನ್ನೆಲ್ಲ ನಗಿಸಿದರು.

ನಗುವುದಕ್ಕೆ ಕಾರಣವೂ ಇತ್ತೆನ್ನಿ. ಒಂದು ತಿಂಗಳು ದಿನಕ್ಕೊಂದು ಪದಬಂಧ ನಡೆಯಿತು. ಚೌಕ ತುಂಬುವುದರಲ್ಲಿ ಶಾರವ್ವನೇ ಮೊದಲಿಗಳು. 'ಹೆಸರಿಸಿ' ಅಂದರೇನು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದಳು. ತಿಂಗಳ ಕೊನೆಗೆ ಅಕ್ಕೋರು ಹಳೆಯ ಪ್ರಶ್ನೆಪತ್ರಿಕೆ ಕೊಟ್ಟು ಮೂರು ತಾಸು ಕೂಡಿಸಿದರು. ಮೊದಲ ಪ್ರಶ್ನೆ: ಕೃಷ್ಣಾ ನದಿಯ ಎರಡು ಉಪನದಿಗಳನ್ನು ಹೆಸರಿಸಿ. ಒಂದು ಅಂಕ.

ಶಾರವ್ವ ಬರೆದಳು. ಸಹ್ಯಾದ್ರಿಯ ತಂಪು ಮಡಿಲಿನಲ್ಲಿ ಮಹಾಬಳೇಶ್ವರದ ಹತ್ತಿರ ಕೃಷ್ಣೆ ಹುಟ್ಟಿದಳು. ಕಲ್ಲು ಹಾರಿದಳು, ಗುಡ್ಡ ಬಳಸಿದಳು, ಕಬ್ಬಿನ ಗದ್ದೆಗೆ ನೀರುಣಿಸಿ ನಮ್ಮ ನಾಡಿಗೆ ಮುಖ ತಿರುಗಿಸಿದಳು. ಒಂದೂವರೆ ಪುಟ ಹರಿದ ಮೇಲೆ, ಒಡಲಿಗೆ ಬಂದು ಸೇರಿದವರು ಯಾರೆಂದರೆ, ಮಲಪ್ರಭೆ ಮತ್ತು ಘಟಪ್ರಭೆ. ಬರೆದದ್ದರಲ್ಲಿ ತಪ್ಪು ಒಂದೂ ಇರಲಿಲ್ಲ. ಓದಿದರೆ ಕಣ್ಣಿಗೆ ತಂಪಾಗುತ್ತಿತ್ತು. ಮೂರು ತಾಸು ಮುಗಿದಾಗ ಮೂವತ್ತೆರಡು ಪ್ರಶ್ನೆಗಳಲ್ಲಿ ಅವಳು ಹನ್ನೊಂದಕ್ಕೆ ಉತ್ತರ ಬರೆದಿದ್ದಳು.

"ಹೆಸರಿಸಿ ಅಂದ್ರೇನು?" ಅಕ್ಕೋರು ಕೇಳಿದರು.

"ಬರೇ ಹೆಸರು."

"ಮತ್ತ ಇದೇನು?"

ಶಾರವ್ವ ಹಾಳೆ ನೋಡಿದಳು. "ಹೆಸರ ಐತಲ್ರಿ, ಕಡೀಕ," ಎಂದಳು. ಧ್ವನಿ ಮೊದಲ ಸಲ ಸಣ್ಣಗಾಗಿತ್ತು. "ಹಂಗ ಬರೇ ಹೆಸರ ಬರದ್ರ ಬರಿಮೈಲೆ ಹೊರಗ ಕಳಿಸಿದಂಗ ಆಗತೈತ್ರಿ. ಕೈ ಏಳೂದಿಲ್ಲ."

ಅಕ್ಕೋರಿಗೆ ಇದು ತಿಳಿಯಲಿಲ್ಲ. ಬಿ.ಎಡ್. ಪುಸ್ತಕದಲ್ಲಿ ಕೈ ಏಳದವರ ಬಗ್ಗೆ ಅಧ್ಯಾಯವಿರಲಿಲ್ಲ.

ತಿಳಿದದ್ದು ಶ್ರಾವಣದಲ್ಲಿ, ಓಣಿಯ ಒಂದು ಸೀಮಂತದಲ್ಲಿ. ಆರತಿ ಮುಗಿಸಿ ಹೊರಬರುವಾಗ ಹೆಂಗಸರು ಹೊಸ್ತಿಲಿಗೆ ಕೈ ಅಡ್ಡಹಿಡಿದು ಶಾರವ್ವನನ್ನು ತಡೆದರು. "ಹೆಸರ ಹೇಳ ಹೋಗ!" ಶಾರವ್ವ ಸೆರಗು ಬಿಗಿದಳು, ಗಂಟಲು ಸರಿಮಾಡಿಕೊಂಡಳು:

"ಅಮೀನಗಡದ ಕರದಂಟು, ಅದಕ ಬೆಲ್ಲದ ನಂಟ,
ಇಲಕಲ್ಲ ಸೀರಿಗೆ ಕೆಂಪ ಸೆರಗ, ಅದಕ ರೇಶಿಮಿ ಗಂಟ,
ಹಗಲೆಲ್ಲಾ ಲಾಳಿ ಒಗೀತಾನ ಮಗ್ಗದ ಕುಣಿಯೊಳಗಿನ ಬಂಟ,
ಗಾಳೆಪ್ಪರಾಯರ ಹೆಸರ ಹೇಳಿದ್ನಿ, ದಾರಿ ಬಿಡ್ರೆವ್ವಾ, ಹೊಡೀತು ಗಂಟಿ ಎಂಟ!"

ಹೆಂಗಸರು ಹೋ ಎಂದರು. ಮೂಲೆಯಲ್ಲಿ ತಂಬಿಟ್ಟು ಹಿಡಿದು ನಿಂತಿದ್ದ ಗುರುಲಿಂಗವ್ವ ಅಕ್ಕೋರ ಮುಖದಲ್ಲಿ ಏನೋ ಹೊಳೆಯಿತು. ಕೃಷ್ಣಾ ನದಿ ಒಂದೂವರೆ ಪುಟ ಯಾಕೆ ಹರಿಯಿತೆಂದು ಅವರಿಗೆ ಆಗ ಅರ್ಥವಾಯಿತು. ಈ ಹುಡುಗಿಗೆ ಹೆಸರಿಸು ಅಂದರೆ ಒಡಪು ಕಟ್ಟು ಎಂದೇ ಅರ್ಥ. ಮೂರು ವರ್ಷದ ಕೂಸಿದ್ದಾಗಿಂದ ಕೈಗೆ ಹತ್ತಿದ ರೂಢಿ ಅದು.

ಮರುದಿನದ ಪದಬಂಧ ಸಣ್ಣದಿತ್ತು. ಶಾರವ್ವ ಎಂದಿನಂತೆ ಎದ್ದು ಹೋದಳು. ಅಡ್ಡ ಸಾಲಿನಲ್ಲಿ 'ಮುಖ್ಯ ಅಂಶಗಳಷ್ಟೇ, ಅರ್ಧ ಪುಟ ಮೀರಬಾರದು' ಎಂದಿತ್ತು. 'ಟಿಪ್ಪಣಿ' ಎಂದು ತುಂಬಿದಳು. ಮೇಲಿಂದ ಕೆಳಗೆ ಮೂರು ಚೌಕ ಇಳಿದು ಟಿಪ್ಪಣಿಯ ನಡುವಿನ ಪ್ಪಕ್ಕೆ ಬಂದು ಕೂಡುತ್ತಿದ್ದವು. ಅದರ ಸುಳಿವನ್ನು ಅಕ್ಕೋರು ಬಾಯಿಂದ ಓದಿದರು:

"ಶಾರವ್ವನ ಗಂಡ. ಹೆಸರಿಸಿ."

ಕೋಣೆಯಲ್ಲಿ ಕಿಸಕ್ಕೆಂದ ನಗು ಎದ್ದಿತು. ಶಾರವ್ವ ಹಲಗೆ ನೋಡಿದಳು. ಗಂಡನ ಹೆಸರಿನ ಕೊನೆಯ ಅಕ್ಷರವನ್ನು ತಾನೇ, ತನ್ನ ಕೈಯಾರೆ, ಬರೆದುಬಿಟ್ಟಿದ್ದಾಳೆ. ಅದರ ನೆತ್ತಿಯ ಮೇಲೆ ಎರಡು ಚೌಕ ಬಾಯಿ ತೆರೆದುಕೊಂಡು ಕಾಯುತ್ತಿವೆ.

"ಗಂಡನ ಹೆಸರ ಚೌಕದಾಗ ಹಾಕತೀರೇನ್ರಿ?" ಅವಳ ಮೂಗಿನ ತುದಿ ಕೆಂಪಾಯಿತು. "ನಿಮಗಿನ್ನ ಲಗ್ನ ಆಗಿಲ್ಲ, ಅದಕ್ಕ ನಿಮಗ ಎಲ್ಲಾ ಆಟ. ನನ್ನ ಗಂಡ ಮೂರ ಚೌಕದ ಮನಶ್ಯಾ ಅಲ್ರಿ."

"ನಿನ್ನ ಗಂಡಗ ಏನೂ ಆಗೂದಿಲ್ಲ. ಕೃಷ್ಣಾ ನದಿಗೂ ಏನೂ ಆಗೂದಿಲ್ಲ. ಬರೇ ಹೆಸರ ಬರಿ ನೋಡೂಣು."

ಶಾರವ್ವ ಸೀಮೆಸುಣ್ಣವನ್ನು ಕಿಟಕಿಯಿಂದ ಆಚೆ ಎಸೆದು ಹೊರಟಳು. ಅಲೀಮಾ ಹಿಂದಿನಿಂದ ಕೂಗಿದಳು, "ಶಾರೂ, ಬೇಕಾದ್ರ ಗಂಡನ್ನ ಬದಲಿ ಮಾಡಸೂಣಂತ, ನಾಕ ಚೌಕದಾಂವನ್ನ ಹುಡಕ್ಯಾರ!" ಶಾರವ್ವ ತಿರುಗಿ ನೋಡಲಿಲ್ಲ.

ಮನೆಗೆ ಬಂದವಳೇ ಮಗ್ಗದ ಪಕ್ಕ ದೊಪ್ಪನೆ ಕುಳಿತಳು. ಗಾಳೆಪ್ಪ ಕುಣಿಯಲ್ಲಿ ಕಾಲು ಇಳಿಬಿಟ್ಟು ಲಾಳಿ ಒಗೆಯುತ್ತಿದ್ದ. ಹೊತ್ತು ಇನ್ನೂ ಇಳಿದಿರಲಿಲ್ಲ. ಬೆಳಕಿಂಡಿಯ ಬಿಸಿಲು ಹಾಸಿನ ನೂಲಿನ ಮೇಲೆ ಬಿದ್ದಿತ್ತು. ಅವಳು ಅಕ್ಕೋರ ಕುಲವನ್ನೆಲ್ಲ ಬೈದು ಮುಗಿಸುವ ತನಕ ಅವನು ಸುಮ್ಮನೆ ನೇಯ್ದ. ಆಮೇಲೆ ಲಾಳಿ ನಿಲ್ಲಿಸಿದ.

"ನನ್ನ ಹೆಸರ ಯಾರ್ಯಾರ ಕರೀತಾರ ಗೊತ್ತನ? ರೇಶನ್ ಅಂಗಡ್ಯಾಗ ಒದರತಾರ. ದವಾಖಾನ್ಯಾಗ ಒದರತಾರ. ಮೊನ್ನಿ ನೂಲಿನಂಗಡಿ ಚಮನಸಾಬ ಅರ್ಧಾ ಪ್ಯಾಟಿ ಕೇಳೂವಂಗ ಗಾಳ್ಯಾ ಅಂದ. ಹೆಸರಿಗೆ ಸಾಯೂದಿದ್ರ ನಾ ಯಾವಾಗೋ ಸತ್ತಿರತಿದ್ನಿ."

"ಅವರೆಲ್ಲಾ ನಿಮ್ಮ ಹೇಂತ್ಯಾರೇನ?"

"ಹೇಂತಿ ಬಾಯಾಗಷ್ಟ ವಿಷ ಐತಂದಂಗಾತು. ಅದೂ ಖರೇನ ಅನ್ನು." ಅವನು ಅವಳ ನೋಟ್‌ಬುಕ್ಕಿನ ಹಾಳೆ ಎಳೆದುಕೊಂಡು ಪೆನ್ಸಿಲಿನಿಂದ ಮೂರು ಸೊಟ್ಟ ಚೌಕ ಬರೆದ. "ತಗೋ, ಬರಿ. ಸತ್ತರ ಹೇಳತೇನಿ."

"ಬಿಡ್ತು ಅನ್ರಿ."

"ಬಿಡ್ತು. ಬರಿ. ನಿನ್ನ ಕುರ್ಚಿ ಬೇಕೋ ಬ್ಯಾಡೋ?"

ಕುರ್ಚಿಯ ಮಾತಿಗೆ ಅವಳ ಕೈ ಪೆನ್ಸಿಲ್ ಹಿಡಿಯಿತು. ಗಾ ಬರೆದಳು. ಗಂಡನ ಮುಖ ನೋಡಿದಳು. ಳೆ ಬರೆದಳು. ಆಯಿಯ ಗಿಳಿ ಪಂಜರದಲ್ಲಿ ರೆಕ್ಕೆ ಬಡಿಯುತ್ತಿತ್ತು. ಕಣ್ಣು ಗಟ್ಟಿಯಾಗಿ ಮುಚ್ಚಿ ಪ್ಪ ಬರೆದಳು. ಕಣ್ಣು ತೆರೆದಾಗ ಗಾಳೆಪ್ಪ ನಾಲಿಗೆ ಹೊರಚಾಚಿ ಮಗ್ಗದ ಮೇಲೆ ಅಡ್ಡ ಬಿದ್ದಿದ್ದ.

ಅವಳು ಚೀರಿದ್ದಕ್ಕೆ ಮಾದೇವಿ ಕಟ್ಟೆಯಿಂದ ಓಡಿಬಂದಳು. ಸತ್ತ ಮಗನ ಹೊಟ್ಟೆ ನಗುವಿಗೆ ಕುಲುಕುತ್ತಿದ್ದುದನ್ನು ಕಂಡು, ಕಸಬರಿಗೆ ತೆಗೆದುಕೊಂಡು ಬೆನ್ನಿಗೆ ಎರಡು ಬಿಟ್ಟಳು. ಆಮೇಲೆ ಸೊಸೆಯ ಕೈಯಲ್ಲಿದ್ದ ಹಾಳೆ ನೋಡಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ, ಆದರೆ ಏನೆಂದು ಕೇಳಿ ತಿಳಿದುಕೊಂಡಳು.

"ಹಾಳಿ ಮ್ಯಾಲ ಏನರ ಗೀಚ್ಕೋ," ಎಂದಳು, "ಬಾಯಿಲೆ ಅಂದಿ ಅಂದ್ರ ಮಾತ್ರ ನೋಡ ಮತ್ತ."

ಮರುದಿನ ಶಾರವ್ವ ಅಕ್ಕೋರ ಮುಂದೆ ಹಾಳೆ ಇಟ್ಟಳು. ತಪ್ಪಾಯಿತೆಂದು ಹೇಳುವ ಜಾಯಮಾನದವಳಲ್ಲ. "ಇನ್ನೂ ಬದಕ್ಯಾರ್ರಿ," ಎಂದಷ್ಟೇ ಹೇಳಿದಳು. ಗುರುಲಿಂಗವ್ವ ಅಕ್ಕೋರು ನಕ್ಕದ್ದನ್ನು ಕೋಣೆ ಅಂದು ಮೊದಲ ಸಲ ನೋಡಿತು.

ಅಂದಿನಿಂದ ಚೌಕದ ಬುದ್ಧಿ ಕೈಗೆ ಇಳಿಯತೊಡಗಿತು. ಪ್ರಶ್ನೆ ಓದಿದ ಕೂಡಲೇ ಶಾರವ್ವ ಅದರ ಪಕ್ಕದಲ್ಲಿ ಪೆನ್ಸಿಲಿನಿಂದ ಚೌಕ ಹಾಕುತ್ತಿದ್ದಳು. ಹೆಸರಿಸಿ ಅಂದರೆ ಒಂದು. ಹೋಲಿಸಿ ಅಂದರೆ ಎದುರುಬದರು ಎರಡು. ವಿವರಿಸಿ ಎಂದು ಬಂದಲ್ಲಿ ಉದ್ದಕ್ಕೆ ಎಂಟು ಚೌಕ ಎಳೆದು, ನಾಲಿಗೆ ಚಪ್ಪರಿಸಿಕೊಂಡು, ಕೂಡಿಟ್ಟ ಒಡಪಿನ ಆಸೆಯನ್ನೆಲ್ಲ ಅಲ್ಲಿ ತೀರಿಸಿಕೊಳ್ಳುತ್ತಿದ್ದಳು.

ಅಕ್ಟೋಬರಿನ ಪರೀಕ್ಷೆ ಹುನಗುಂದದಲ್ಲಿ. ಅವಳು ಹತ್ತು ನಿಮಿಷ ಉಳಿಸಿ ಪೆನ್ನಿನ ಮುಚ್ಚಳ ಹಾಕಿದಳು. ಮೂವತ್ತೆರಡಕ್ಕೆ ಮೂವತ್ತೆರಡೂ ಬರೆದಾಗಿತ್ತು. ಗೇಟಿನ ಹೊರಗೆ, ಶಿಷ್ಯರನ್ನು ಎಣಿಸಿಕೊಳ್ಳಲು ಬಂದ ರಾಚಯ್ಯ ಮಾಸ್ತರರು ನಿಂತಿದ್ದರು.

"ಏನವಾ, ಪುರವಣಿ ಎಷ್ಟು?"

"ಒಂದೂ ಇಲ್ರಿ."

"ಒಂದೂ?" ಮಾಸ್ತರರು ಸತ್ತವರ ಮನೆಗೆ ಬಂದವರಂತೆ ಲೊಚಗುಟ್ಟಿದರು. "ಹೋಗಲಿ ಬಿಡು. ಏಪ್ರಿಲದಾಗ ನೋಡೂಣು."

ಡಿಸೆಂಬರದಲ್ಲಿ ಫಲಿತಾಂಶ ಬಂತು. ಐವತ್ತೆರಡು. ಅಲೀಮಾಳಿಗೆ ನಲವತ್ತು. ನಾಲ್ಕು ದಿನಕ್ಕೆ ರಾಚಯ್ಯ ಮಾಸ್ತರರ ಟ್ಯೂಶನ್ ಬಾಗಿಲಿನ ಹಲಗೆಯ ಮೇಲೆ ಸುಣ್ಣದಲ್ಲಿ ಇದೇ ಎರಡು ಹೆಸರು ಮೂಡಿದವು, ಮೇಲೆ 'ನಮ್ಮ ವಿದ್ಯಾರ್ಥಿನಿಯರು' ಎಂಬ ತಲೆಬರಹ. ಶಾರವ್ವ ನೀರಿನ ಕೊಡ ಹೊತ್ತುಕೊಂಡೇ ಅದರ ಮುಂದೆ ನಿಂತಳು.

"ಮಾಸ್ತರ, ಬರೇ ಹೆಸರ ಬರದ ಬಿಟ್ಟೀರಿ? ಯಾರರ ತೂಗಿದ್ರ ಹಗರ ಆಗತೈತಿ. ಎರಡ ಪುರವಣಿ ಕಟ್ಟ್ರಿ."

ಮಾಸ್ತರರು ಒಳಗೆ ಏನೋ ಹುಡುಕುವವರಂತೆ ಹೋದರು.

ಅಂಗನವಾಡಿ ಕೆಲಸದ ಸಂದರ್ಶನ ಜನವರಿ ಹದಿನೆಂಟಕ್ಕೆ, ಮತ್ತೆ ಹುನಗುಂದದಲ್ಲಿ. ಎಸ್ಸೆಸ್ಸೆಲ್ಸಿ ಅಂಕಕ್ಕೆ ಸಂದರ್ಶನದ ಹತ್ತು ಅಂಕ ಕೂಡಿಸಿ ಸಂಜೆಗೇ ಪಟ್ಟಿ ಹಚ್ಚುತ್ತಾರೆಂದು ಕಾಗದದಲ್ಲಿತ್ತು. ಸೊಸೆಯನ್ನು ಒಬ್ಬಳನ್ನೇ ಕಳಿಸುವುದು ಹೇಗೆಂದು ಮಾದೇವಿ ರೊಟ್ಟಿ ಬುತ್ತಿ ಕಟ್ಟಿಕೊಂಡು ಜತೆಗೆ ಹೊರಟಳು. ಕಚೇರಿಯ ಅಂಗಳದಲ್ಲಿ ಬೇವಿನ ಮರದ ಕೆಳಗೆ ಇಪ್ಪತ್ತು ಮೂವತ್ತು ಹೆಣ್ಣುಮಕ್ಕಳು. ಒಬ್ಬೊಬ್ಬಳು ಒಳಗೆ ಹೋದಾಗಲೂ ಸ್ವಲ್ಪ ಹೊತ್ತಿಗೆ ಗಂಡಸರ ನಗು ಕೇಳಿಸುತ್ತಿತ್ತು. ರಾಮಥಾಳದ ಒಬ್ಬಳು ಕಿವಿಯವರೆಗೂ ಕೆಂಪಾಗಿ ಹೊರಬಂದಳು.

"ಪ್ರಶ್ನಿ ಏನ ಕೇಳತಾರ?" ಶಾರವ್ವ ವಿಚಾರಿಸಿದಳು.

"ಪ್ರಶ್ನಿ ಎಲ್ಲಿದು ತಂಗೀ. ಗಂಡನ ಹೆಸರಿಂದು ಒಡಪು ಹಾಕಸತಾರ. ಮಜಾ ತಗೋತಾರ."

ಮಾದೇವಿಯ ಮುಖ ಅರಳಿತು. "ನಮ್ಮಕಿ ಮುಂದ ಯಾರೂ ನಿಲ್ಲೂದಿಲ್ಲ! ಆ ಎಂಟ ಸಾಲಿಂದ ಹೇಳ ಶಾರಾ, ಬದಾಮಿ ಗುಡ್ಡದ್ದು."

ಶಾರವ್ವ ಒಳಗೆ ಹೋದಳು. ಅತ್ತೆ ಬಾಗಿಲ ಚೌಕಟ್ಟಿಗೆ ಆತು ನಿಂತಳು. ಪಂಖದ ಕೆಳಗೆ ಮೂವರು ಕುಳಿತಿದ್ದರು. ಮುಂದೆ ಚಹಾದ ಬಸಿ, ಅರ್ಧ ತಿಂದ ಚೂಡಾ. ನಡುವಿನವರು ದಕ್ಷಿಣದ ಕಡೆಯವರು. ಅವರ ಕನ್ನಡ ಇಸ್ತ್ರಿ ಹಾಕಿದಂತಿತ್ತು. ಅವಳ ಅಂಕಪಟ್ಟಿ ಎದುರಿಗೇ ಬಿದ್ದಿತ್ತು. ಯಾರೂ ಅದನ್ನು ಮುಟ್ಟಲಿಲ್ಲ.

"ಯಜಮಾನರ ಹೆಸರು ಹೇಳಮ್ಮ."

ಎಡಗಡೆಯವರು ಮೊದಲೇ ನಗಲು ಅಣಿಯಾದರು. "ಈ ಕಡೆ ಅದೇನೋ ಕಟ್ಟಿ ಹೇಳ್ತಾರಲ್ಲ ಸಾರ್, ಆ ಥರ ಹೇಳಲಿ. ಜೋರಾಗಿ."

ಗುಳೇದಗುಡ್ಡದ ಹೊಸ್ತಿಲಿನಲ್ಲಿ ಹುಟ್ಟಿದ ಸಾಲುಗಳು ಅವಳ ಗಂಟಲಿಗೆ ತಾವಾಗಿಯೇ ಏರಿಬಂದವು. ಎಂಟು ಸಾಲು, ಎಣ್ಣೆ ಹಚ್ಚಿ ತಿಕ್ಕಿದಂಥವು. ಆಯಿ ಅವನ್ನು ಕಲಿಸಿದ್ದು ಆರತಿ ಹಿಡಿದ ಹೆಂಗಸರ ಮುಂದೆ ಹೇಳಲು. ಚೂಡಾ ತಿನ್ನುವ ಮೂವರು ಗಂಡಸರ ಹೊತ್ತು ಹೋಗಲೆಂದು ಅಲ್ಲ. ಅವರ ಮುಖ ನೋಡುತ್ತ ಶಾರವ್ವನಿಗೆ ಭಯವಾಗಲಿಲ್ಲ, ಅಸಹ್ಯವಾಯಿತು. ಈ ಮಂದಿಗೆ ಇಷ್ಟು ಪ್ರಾಸ ಖರ್ಚು ಮಾಡಬೇಕೆ? ಗಿಳಿ ಹಾರಿದರೆ ಹಾರಲಿ ಎಂದುಕೊಂಡಳು.

"ಗಾ..." ಒಮ್ಮೆ ಉಸಿರು ತೆಗೆದುಕೊಂಡಳು. "ಗಾಳೆಪ್ಪ."

ಪಂಖ ತಿರುಗುತ್ತಲೇ ಇತ್ತು. ನಗಲು ತೆರೆದ ಬಾಯಿ ಹಾಗೇ ಉಳಿಯಿತು.

"ಅಷ್ಟೇನಾ?" ನಡುವಿನವರು ಕೇಳಿದರು.

"ಹೆಸರ ಕೇಳಿದ್ರಿ, ಹೇಳಿದ್ನಿ. ವಿವರಿಸಿ ಅಂತ ಕೇಳಿದ್ರ ವಿವರಸತೇನ್ರಿ, ಅದಕ್ಕ ಬ್ಯಾರೆ ಅಂಕ ಇದ್ರ. ಕೂಸುಗಳ ಬಗ್ಗೆ ಏನರ ಕೇಳಾವರದೀರೇನು?"

ಕೇಳುವವರಿರಲಿಲ್ಲ. ಎಡಗಡೆಯವರು ಏನೋ ಗೀಚಿ, "ಸೊಕ್ಕು," ಎಂದು ಪಕ್ಕದವರಿಗೆ ಪಿಸುಗುಟ್ಟಿದರು. ಶಾರವ್ವ ಹೊರಗೆ ಬಂದಳು. ಬಾಗಿಲಲ್ಲಿ ಮಾದೇವಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಬೈಗುಳಕ್ಕೆ ಶಾರವ್ವ ತಲೆ ಗಟ್ಟಿ ಮಾಡಿಕೊಂಡಳು. ಬೈಗುಳ ಬರಲಿಲ್ಲ. ಬುತ್ತಿ ಬಿಚ್ಚಿದರೂ ಅತ್ತೆ ರೊಟ್ಟಿ ಮುರಿಯಲಿಲ್ಲ, ಇಲಕಲ್ಲಿನ ದಾರಿಯ ಕಡೆಗೇ ಮುಖ ಮಾಡಿ ಕುಳಿತಳು.

ಐದು ಗಂಟೆಗೆ ಜವಾನ ಬಾಗಿಲಿಗೆ ಪಟ್ಟಿ ಹಚ್ಚಿದ. ಶಾರವ್ವ ಗುಂಪಿನಲ್ಲಿ ನುಗ್ಗಿ ಬೆರಳಿಟ್ಟು ಓದಿದಳು. ಸಂದರ್ಶನಕ್ಕೆ ಅವಳಿಗೆ ಕೊಟ್ಟಿದ್ದು ಹತ್ತರಲ್ಲಿ ಎರಡು. ಒಡಪು ಹಾಡಿದವರಿಗೆಲ್ಲ ಎಂಟು, ಒಂಬತ್ತು. ಆದರೆ ಐವತ್ತೆರಡು ಕೂಡಿ ಎದ್ದಿದ್ದ ಎಸ್ಸೆಸ್ಸೆಲ್ಸಿ ಅಂಕದ ಗೋಡೆಯನ್ನು ಅವರ ಗೀಚಿಗೆ ಕೆಡವಲಾಗಿರಲಿಲ್ಲ. ನಾಲ್ಕು ಹೆಸರಿನಲ್ಲಿ ನಾಲ್ಕನೆಯದು: ಶಾರವ್ವ ಗಂಡ ಗಾಳೆಪ್ಪ, ಇಲಕಲ್ಲ. ಮುಂದೆ ಹಿಂದೆ ಪ್ರಾಸ ಒಂದೂ ಇಲ್ಲ. ಅಷ್ಟು ಚೆಂದದ ಸಾಲನ್ನು ಅವಳು ಯಾವ ಕಥೆಯಲ್ಲೂ ಕೇಳಿರಲಿಲ್ಲ.

ಬಸ್ಸಿನಲ್ಲಿ ಮಾದೇವಿ ಕಿಟಕಿಯ ಪಕ್ಕ ಕುಳಿತಳು. ಊರು ದಾಟಿದ ಮೇಲೆ ಮೊದಲ ಮಾತು ಆಡಿದಳು.

"ಅಂವಗ ಏನೂ ಆಗೂದಿಲ್ಲ ಅನ್ನೂದು ನನಗೂ ಗೊತ್ತೈತಿ. ನಾ ಹುಚ್ಚಿ ಅಲ್ಲ."

"ಮತ್ತ ಯಾಕ ಸಿಟ್ಟಾಗೀರಿ ಅತ್ತಿ?"

"ಮೂರ ಮಂದಿ ದೊಡ್ಡವರ ಮುಂದ ನನ್ನ ಮಗನ ಹೆಸರ ಹಂಗ ಒಗದ ಬಿಟ್ಟೆಲ್ಲ. ಒಂದ ಹೂವಿಲ್ಲ, ಒಂದ ಹಣ್ಣಿಲ್ಲ. ಹೊರಗ ನಿಂತ ಕೇಳಿದ್ರ, ಇಷ್ಟ ಸಣ್ಣದನ ನನ್ನ ಮಗನ ಹೆಸರು ಅನಿಸ್ತು."

ಇದು ಚೌಕದಲ್ಲಿ ಹಿಡಿಸುವ ಮಾತಾಗಿರಲಿಲ್ಲ. ಶಾರವ್ವನ ತುಟಿ ಅಲುಗಿತು. ಬೆರಳಿನಲ್ಲಿ ಏನೋ ಎಣಿಸಿಕೊಂಡಳು. ಆಮೇಲೆ ಅತ್ತೆಯ ಕಿವಿಗೆ ಬಾಗಿ, ಅವಳಿಗಷ್ಟೇ ಕೇಳುವಂತೆ ಹೇಳಿದಳು:

"ಹುನಗುಂದದ ಕಚೇರ್ಯಾಗ ಗಿರಗಿರ ತಿರಗತೈತಿ ಪಂಕ,
ಪಂಕದ ಬುಡಕ ಮೂವರ ಕುಂತಾರ, ಮೂವರಿಗೂ ಕೂಡಿ ಒಂದ ಮಂಕ,
ಕೂಸಿನ ಸಾಲಿಗೆ ಹಾಡ ಕೇಳ್ಯಾರ, ಕೊಟ್ಟಾರ ಎರಡ ಅಂಕ,
ಗಾಳೆಪ್ಪರಾಯರ ಹೇಂತಿ ಮುಂದ ನಡೀಲಿಲ್ಲ ಅವರ ಬಿಂಕ!"

ಮಾದೇವಿ ಸೆರಗು ಬಾಯಿಗೆ ಒತ್ತಿಕೊಂಡಳು. ಭುಜ ಕುಲುಕತೊಡಗಿತು. ಕಣ್ಣಲ್ಲಿ ನೀರು ಬರುವ ತನಕ ನಕ್ಕು, ಬುತ್ತಿ ಬಿಚ್ಚಿ, ಒಂದು ರೊಟ್ಟಿ ಮುರಿದು ಅರ್ಧ ಸೊಸೆಗೆ ಕೊಟ್ಟಳು.

"ಹಾಂ. ಈಗ ಆತ ನೋಡ ಹೆಸರು," ಎಂದಳು. "ಮತ್ತೊಮ್ಮಿ ಅನ್ನು, ಬಾಯಿಪಾಠ ಮಾಡ್ಕೋತೇನಿ."

ಮಾಡಿಕೊಂಡವಳು ಹಿಂದಿನ ಸೀಟಿನ ಹೆಂಗಸಿಗೆ ಹೇಳಿದಳು, ಮುಂದಿನ ಸೀಟಿನವಳಿಗೂ ಹೇಳಿದಳು. ಬಸ್ಸು ಇಲಕಲ್ಲ ಮುಟ್ಟುವಷ್ಟರಲ್ಲಿ ಒಡಪಿಗೆ ಮತ್ತೆರಡು ಸಾಲು ಕೂಡಿತ್ತು, ಪಂಕದ ಬುಡಕ್ಕೆ ಕುಳಿತವರು ಮೂವರಿದ್ದವರು ಐವರಾಗಿದ್ದರು.